30/40 ಸೈಟಿಗೆ ನಮ್ಮ ಸೀಮೆಯ ಗಿಡ

ದೇಶಿ ಗಿಡ ಬೇಕು ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ, ಸಂತೋಷ. ಆದರೆ ಪಶ್ಚಿಮ ಘಟ್ಟದ್ದೆಲ್ಲ ಬೆಂಗಳೂರಿಗೂ ಸ್ವಂತದ್ದೇ ಅಂದುಕೊಂಡು ತರುತ್ತಾರಲ್ಲ, ಅಲ್ಲೇ ನನ್ನ ತಕರಾರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬೆಂಗಳೂರಲ್ಲಿ ಸುಮಾರು 1,000. ಸೀತಾ ಅಶೋಕ ಹೊಳೆದಂಡೆಯ ನೆರಳಲ್ಲಿ ಬೆಳೆಯುವ ಮರ. ಅದನ್ನು ಬಿಸಿಲು ಕಾಯುವ ಕಾಂಪೌಂಡಿನ ಪಕ್ಕ ನೆಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ಹೊಯ್ದು ಉಳಿಸಿಕೊಳ್ಳುವುದು ಯಾವ ಪರಿಸರ ಪ್ರೀತಿ? ನೆರಳಿದ್ದು, ಅಕ್ಕಿ ತೊಳೆದ ನೀರು ಹೋಗುವ ಮೂಲೆ ಇದ್ದರೆ ಖಂಡಿತ ನೆಡಿ. ನರ್ಸರಿಯಲ್ಲಿ ಕೇಸರಿ ಹೂವಿನದೇ ಬೇಕು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಕಂಬದ ಹಾಗೆ ನೆಟ್ಟಗೆ ಹೋಗುವ ಇನ್ನೊಂದು ‘ಅಶೋಕ’ ಕೈಗೆ ಬರುತ್ತದೆ.

ಹೊಂಗೆ ಬಯಲುಸೀಮೆಯದೇ, ಆದರೆ 30/40 ಸೈಟಿಗೆ ದೊಡ್ಡದಾಯಿತು. ಲಕ್ಕಿ, ಕೇಪಳದಂಥ ಪೊದೆಗಿಡ, ಕರಿಬೇವು ಸಾಕು. ಎಕ್ಕವೂ ಸರಿ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ಮಕ್ಕಳು ಆಡುವ ಕಡೆ ಬೇಡ. ಎಕ್ಕದ ಎಲೆ ಮೇಲೆ ಪಟ್ಟೆ ಪಟ್ಟೆ ಹುಳ ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತಿರುವುದು ಸಾಮಾನ್ಯವಾಗಿ ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳ. ಔಷಧಿ ಹೊಡೆಯಲು ಓಡಬೇಡಿ, ಒಗ್ಗರಣೆಗೆ ಬೇಕಾದಷ್ಟು ಕಿತ್ತುಕೊಂಡು ಉಳಿದದ್ದು ಅವಕ್ಕೆ ಬಿಡಿ. ಎಲೆಯಲ್ಲಿ ಒಂದೂ ತೂತು ಇರಬಾರದು ಅನ್ನುವವರು ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಬಹುದು, ಅಲ್ವಾ?

ಹಾಗಂತ ಹೊರಗಿನದ್ದೆಲ್ಲ ಕಿತ್ತು ಎಸೆಯಬೇಕಿಲ್ಲ. ಅಮ್ಮ ನೆಟ್ಟ ದಾಸವಾಳ ಬೇಲಿ ಹಾರಿ ಕಾಡಿಗೆ ಹೋಗುವುದಿಲ್ಲ. ಲಂಟಾನ ಹೋಗುತ್ತದೆ. ಅದೂ ಅಂದದ ಗಿಡವಾಗಿಯೇ 1800ರ ಆಸುಪಾಸಿನಲ್ಲಿ ಈ ದೇಶಕ್ಕೆ ಬಂದದ್ದು, ಹಣ್ಣನ್ನು ಹಕ್ಕಿಗಳು ತಿಂದು ಹರಡಿದವು, ಈಗ ಬಂಡೀಪುರದಲ್ಲಿ ಹುಲ್ಲು ಬೆಳೆಯಬೇಕಾದ ಎಷ್ಟೋ ಜಾಗವನ್ನು ಅದೇ ತುಂಬಿಕೊಂಡಿದೆ. ಬಣ್ಣ ಚೆನ್ನಾಗಿದೆ ಅಂತ ಕುಂಡದಲ್ಲೂ ಇಡಬೇಡಿ.

ಇನ್ನೊಂದು ಮಾತು, ಇದು ಸ್ವಲ್ಪ ಸಿಟ್ಟಿನದು. ಮಲೆನಾಡಿಗೆ ಟ್ರಿಪ್ ಹೋದವರು ಮರದ ಮೇಲೆ ಬೆಳೆಯುವ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಗಿಡವನ್ನು ಬೇರು ಸಮೇತ ಕಿತ್ತು ಕಾರಲ್ಲಿ ಹಾಕಿಕೊಂಡು ಬರುತ್ತಾರೆ, ಬೆಂಗಳೂರಿನ ಒಣ ಗಾಳಿಗೆ ಅದು ಬಾಲ್ಕನಿಯಲ್ಲಿ ಸೊರಗುತ್ತದೆ. ನರ್ಸರಿಯಲ್ಲೂ ಕೇಳಿ: ಬೀಜದಿಂದ ಬೆಳೆಸಿದ್ದಾ, ಕಾಡಿಂದ ತಂದಿದ್ದಾ? ಉತ್ತರ ಹಾರಿಸಿದರೆ ಸುಮ್ನೆ ಎದ್ದು ಬನ್ನಿ. ಮಳೆಗಾಲ ಶುರುವಾಗುವಾಗ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ಲಕ್ಕಿಗಂತೂ ನರ್ಸರಿಯೇ ಬೇಡ, ಯಾರ ಮನೆ ಬೇಲಿಯಲ್ಲಾದರೂ ಇದ್ದರೆ ಕೇಳಿ ಒಂದು ಬಲಿತ ಕಡ್ಡಿ ತಂದು ಜೂನ್‌ನಲ್ಲಿ ಊರಿ.