ಕಾರು ನಿಲ್ಲಿಸುವ ಸ್ವಿಚ್ ಯಾರ ಕೈಯಲ್ಲಿರಬೇಕು?

"ಇನ್ಮೇಲೆ ಹೊಸ ಕಾರುಗಳಲ್ಲೆಲ್ಲ ಕಿಲ್ ಸ್ವಿಚ್ ಇರುತ್ತಂತೆ, ಪೊಲೀಸರು ಕೂತಲ್ಲಿಂದಲೇ ನಮ್ಮ ಗಾಡಿ ನಿಲ್ಲಿಸಬಹುದಂತೆ, ನಿಜಾನಾ?" ಇಲ್ಲಿ ಮಿಶಿಗನ್‌ನಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ಈ ಮಾತು ಬರುತ್ತದೆ. ಸೇರಿದವರಲ್ಲಿ ಬಹಳ ಜನ ಕಾರು ಕಂಪನಿಗಳಲ್ಲೋ, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಕಂಪನಿಗಳಲ್ಲೋ ಕೆಲಸ ಮಾಡುವವರು. ಆದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ನಾನು ಈ ಮಾತಿಗೆ ಮೂಲವಾದ ಅಮೆರಿಕದ ಕಾನೂನಿನ ಭಾಗವನ್ನೇ ಕೂತು ಓದಿದೆ. ಉದ್ದ ಏನಿಲ್ಲ, ಕೆಲವೇ ಪುಟ. ಓದಿದ ಮೇಲೆ ನನಗೂ ಭಯ ಆಯಿತು, ಆದರೆ ಎಲ್ಲರೂ ಹೇಳುತ್ತಿದ್ದ ಕಾರಣಕ್ಕಲ್ಲ.

ಈ ಕಾನೂನು ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಬೇಕು. ಬೈಯುವವರು ಅದನ್ನು ಹೇಳುವುದೇ ಇಲ್ಲ. ನಾವಿರುವ ನೋವೈಗೆ ಅಂಟಿಕೊಂಡ ಹಾಗೆ ನಾರ್ತ್‌ವಿಲ್ ಅಂತ ಊರಿದೆ. ಅಲ್ಲಿನ ಅಬ್ಬಾಸ್ ಕುಟುಂಬ 2019ರ ಜನವರಿಯಲ್ಲಿ ಫ್ಲೋರಿಡಾ ಪ್ರವಾಸ ಮುಗಿಸಿ ಕಾರಿನಲ್ಲಿ ಮನೆಗೆ ಬರುತ್ತಿತ್ತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಐ-75 ಹೆದ್ದಾರಿಯಲ್ಲಿ, ವಿಪರೀತ ಕುಡಿದಿದ್ದ ಒಬ್ಬ ತಪ್ಪು ದಿಕ್ಕಿನಲ್ಲಿ ಪಿಕಪ್ ಓಡಿಸಿಕೊಂಡು ಬಂದು ಗುದ್ದಿದ. ಅಪ್ಪ, ಅಮ್ಮ, ಮೂವರು ಮಕ್ಕಳು, ಐದೂ ಜನ ಹೋದರು. ಚಳಿಗಾಲದ ರಜೆಯಲ್ಲಿ ಇಲ್ಲಿಂದ ಅದೇ ಐ-75 ಹಿಡಿದು ಫ್ಲೋರಿಡಾಕ್ಕೆ ಹೋಗುವ ಮನೆಗಳು ಎಷ್ಟೋ ಇವೆ. ನಮ್ಮದೂ ಒಂದು.

ಇದಾದ ಮೇಲೆ ಮಿಶಿಗನ್‌ನ ಸಂಸದೆ ಡೆಬ್ಬಿ ಡಿಂಗೆಲ್ ಆ ಕುಟುಂಬದ ಹೆಸರಿನಲ್ಲೇ ಒಂದು ಮಸೂದೆ ತಂದರು. ಕುಡಿದವರು ಓಡಿಸಲು ಹೊರಟರೆ ಕಾರೇ ಅದನ್ನು ತಡೆಯಬೇಕು ಅನ್ನುವುದು ಅದರ ಉದ್ದೇಶ. ಅದು ದೊಡ್ಡ ಮೂಲಸೌಕರ್ಯ ಕಾನೂನಿನೊಳಗೆ ಸೇರಿಕೊಂಡಿತು. 2021ರ ನವೆಂಬರ್ 15ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಸೆಕ್ಷನ್ 24220. ಅಮೆರಿಕದಲ್ಲಿ ಕುಡಿದು ಓಡಿಸುವವರಿಂದ 2022ರ ಒಂದೇ ವರ್ಷದಲ್ಲಿ 13,524 ಜನ ಸತ್ತಿದ್ದಾರೆ. ಈ ಸಂಖ್ಯೆಯನ್ನು ಪಕ್ಕಕ್ಕಿಟ್ಟು "ನನ್ನ ಸ್ವಾತಂತ್ರ್ಯ" ಅಂತ ಮಾತು ಶುರು ಮಾಡುವವರ ಜೊತೆ ನನಗೆ ವಾದ ಬೇಡ.

ಈಗ ಕಾನೂನು ಏನು ಹೇಳುತ್ತದೆ? ಹೊಸ ಕಾರಿನಲ್ಲಿ ಒಂದು ವ್ಯವಸ್ಥೆ ಇರಬೇಕು. ಓಡಿಸುವವರಿಗೆ ಏನೂ ಕೆಲಸ ಕೊಡದೆ, ಅದರ ಪಾಡಿಗೆ ಅದು ಗಮನಿಸುತ್ತಿರಬೇಕು. ಒಂದೋ ಓಡಿಸುವ ರೀತಿ ನೋಡಿ, ಇವರು ಓಡಿಸುವ ಸ್ಥಿತಿಯಲ್ಲಿ ಇಲ್ಲ ಅಂತ ಗುರುತಿಸಬೇಕು, ಇಲ್ಲವೇ ರಕ್ತದಲ್ಲಿ ಆಲ್ಕೋಹಾಲ್ ಮಿತಿಗಿಂತ ಜಾಸ್ತಿ ಇದೆಯಾ ಅಂತ ಅಳೆಯಬೇಕು, ಅಥವಾ ಎರಡನ್ನೂ ಮಾಡಬೇಕು. ಹಾಗೆ ಕಂಡುಬಂದರೆ ಗಾಡಿ ಹೊರಡುವುದನ್ನು ತಡೆಯಬೇಕು ಅಥವಾ ಅದರ ಓಟಕ್ಕೆ ಮಿತಿ ಹಾಕಬೇಕು. ಅಷ್ಟೇ. ದೂರದಿಂದ ನಿಲ್ಲಿಸುವ ಮಾತು ಅಲ್ಲಿಲ್ಲ. ಪೊಲೀಸರಿಗೆ ಸುದ್ದಿ ಹೋಗಬೇಕು ಅನ್ನುವ ಮಾತೂ ಇಲ್ಲ. ಅಂದರೆ ಫಾರ್ವರ್ಡ್ ಆಗಿ ಬರುತ್ತಿರುವ ಸಂದೇಶಗಳಲ್ಲಿ ಅರ್ಧ ಸುಳ್ಳು.

ಆದರೆ ಇನ್ನೊಂದೂ ಅಲ್ಲಿಲ್ಲ. ಕ್ಯಾಮೆರಾ ಕಂಡದ್ದು, ಸೆನ್ಸರ್ ಅಳೆದದ್ದು ಕಾರಿನಿಂದ ಹೊರಗೆ ಹೋಗಬಾರದು ಅಂತ ಒಂದು ಸಾಲೂ ಇಲ್ಲ. ಈ ಮಾಹಿತಿ ಯಾರದ್ದು, ಎಷ್ಟು ದಿನ ಇರುತ್ತದೆ, ಯಾರು ಕೇಳಿದರೆ ಕೊಡಬೇಕು, ಇದ್ಯಾವುದಕ್ಕೂ ಉತ್ತರ ಇಲ್ಲ. ನನಗೆ ಭಯ ಆಗಿದ್ದು ಇಲ್ಲಿ.

ತಂತ್ರಜ್ಞಾನದ ವಿಷಯ ಸ್ವಲ್ಪ ಹೇಳುತ್ತೇನೆ. ಸರ್ಕಾರ ಮತ್ತು ಕಾರು ಕಂಪನಿಗಳು ಸೇರಿ 2008ರಿಂದಲೇ ಡ್ಯಾಡ್ಸ್ ಅಂತ ಒಂದು ಯೋಜನೆ ನಡೆಸುತ್ತಿವೆ. ಅದರಲ್ಲಿ ಎರಡು ದಾರಿ. ಒಂದು, ಓಡಿಸುವವರ ಮುಂದೆ ಇಟ್ಟ ಸೆನ್ಸರ್ ಅವರು ಸಹಜವಾಗಿ ಬಿಡುವ ಉಸಿರನ್ನು ಎಳೆದುಕೊಂಡು, ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ನೋಡುತ್ತದೆ. ಇನ್ನೊಂದು, ಸ್ಟಾರ್ಟ್ ಬಟನ್ ಒತ್ತುವಾಗ ಬೆರಳಿನ ಚರ್ಮದ ಮೂಲಕ ಅಳೆಯುತ್ತದೆ. ಇವೆರಡೂ ಬಿಟ್ಟರೆ ಕ್ಯಾಮೆರಾ. ಕೈ ಬಿಟ್ಟು ಓಡಿಸಲು ಬಿಡುವ ಜನರಲ್ ಮೋಟರ್ಸ್‌ನ (ಜಿಎಂ) ಸೂಪರ್ ಕ್ರೂಸ್, ಫೋರ್ಡ್‌ನ ಬ್ಲೂಕ್ರೂಸ್ ಇರುವ ಕಾರುಗಳಲ್ಲಿ, ಕಣ್ಣು ರಸ್ತೆ ಮೇಲಿದೆಯಾ ಅಂತ ನೋಡುವ ಕ್ಯಾಮೆರಾ ಈಗಾಗಲೇ ಇದೆ.

ಕಷ್ಟ ಇರುವುದು ನಿಖರತೆಯಲ್ಲಿ. ಸುಮ್ನೆ ಒಂದು ಲೆಕ್ಕ ಹಾಕಿ. ಹತ್ತು ಕೋಟಿ ಕಾರು ದಿನಕ್ಕೆ ಎರಡು ಸಲ ಸ್ಟಾರ್ಟ್ ಆದರೆ ಇಪ್ಪತ್ತು ಕೋಟಿ ಸಲ. ವ್ಯವಸ್ಥೆ 99.9 ಶೇಕಡಾ ಸರಿಯಾಗಿ ಹೇಳಿದರೂ ದಿನಕ್ಕೆ ಎರಡು ಲಕ್ಷ ತಪ್ಪು. ಆ ಎರಡು ಲಕ್ಷದಲ್ಲಿ ರಾತ್ರಿ ಪಾಳಿ ಮುಗಿಸಿ ಕಣ್ಣು ಎಳೆಯುತ್ತಿರುವ ನರ್ಸ್ ಇರಬಹುದು, ಶುಗರ್ ಕಡಿಮೆಯಾಗಿ ಕೈ ನಡುಗುತ್ತಿರುವವರು, ಪಾರ್ಕಿನ್ಸನ್ ಇರುವವರು, ಜನವರಿಯ ಮೈನಸ್ ಹದಿನೈದು ಡಿಗ್ರಿಯಲ್ಲಿ ಜ್ವರದ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎಮರ್ಜೆನ್ಸಿಗೆ ಹೊರಟ ತಾಯಿ ಇರಬಹುದು. ಇವರ ಕಾರು ಹೊರಡದಿದ್ದರೆ ಏನು ಮಾಡಬೇಕು? ಯಾರಿಗೆ ಫೋನ್ ಮಾಡಬೇಕು? ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಅನುಮಾನ ಬಂದರೆ ಕಾರು ನಡುರಸ್ತೆಯಲ್ಲಿ ನಿಧಾನ ಆಗುತ್ತದಾ? ಹಿಂದೆ ಹದಿನೆಂಟು ಚಕ್ರದ ಲಾರಿ ಬರುತ್ತಿದ್ದರೆ?

ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದದ್ದು ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಟ್ಸಾ (NHTSA). ವಿವರವಾದ ನಿಯಮ ಮಾಡಲು ಕಾನೂನು ಅದಕ್ಕೆ ಮೂರು ವರ್ಷ ಕೊಟ್ಟಿತ್ತು, ಅಂದರೆ 2024ರ ನವೆಂಬರ್‌ವರೆಗೆ. ಆ ಗಡುವು ದಾಟಿಹೋಯಿತು. 2024ರ ಜನವರಿಯಲ್ಲಿ ಒಂದು ಪೂರ್ವಭಾವಿ ಪ್ರಕಟಣೆ ಬಂತು, ಅದರ ತುಂಬ ಪ್ರಶ್ನೆಗಳೇ. ತಂತ್ರಜ್ಞಾನ ಇನ್ನೂ ಸಿದ್ಧವಾಗಿಲ್ಲ ಅನ್ನುವುದು ಅದನ್ನು ಓದಿದರೆ ಯಾರಿಗಾದರೂ ತಿಳಿಯುತ್ತದೆ. ಈ ಮಧ್ಯೆ ಕೆಂಟಕಿಯ ಸಂಸದ ಥಾಮಸ್ ಮ್ಯಾಸಿ, ಇದಕ್ಕೆ ಹಣವನ್ನೇ ಕೊಡಬಾರದು ಅಂತ 2023ರ ನವೆಂಬರ್‌ನಲ್ಲಿ ತಿದ್ದುಪಡಿ ತಂದರು. 201ಕ್ಕೆ 229 ಮತದಿಂದ ಅದು ಸೋತಿತು. ನನಗೂ ಅದು ಸೋತದ್ದೇ ಸರಿ ಅನ್ನಿಸುತ್ತದೆ. ಕೆಲಸವನ್ನೇ ನಿಲ್ಲಿಸುವುದಕ್ಕಿಂತ ಇಲ್ಲದ ಸಾಲುಗಳನ್ನು ಸೇರಿಸಿ ಅಂತ ಕೇಳಬೇಕಿತ್ತು.

ದೂರದಿಂದ ಕಾರು ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಸರ್ಕಾರದ ಸ್ವಿಚ್‌ಗೆ ಹೆದರುತ್ತಿದ್ದಾರೆ, ಆದರೆ ಸ್ವಿಚ್ ಆಗಲೇ ಬಂದು ಬಹಳ ವರ್ಷ ಆಯಿತು. ಅದನ್ನು ತಂದದ್ದು ಸರ್ಕಾರ ಅಲ್ಲ. ಕಳುವಾದ ಕಾರನ್ನು ದೂರದಿಂದ ನಿಧಾನ ಮಾಡುವ ಸೌಲಭ್ಯವನ್ನು ಜಿಎಂ ತನ್ನ ಕಾರುಗಳನ್ನು ದೂರದಿಂದ ಸಂಪರ್ಕಿಸುವ ಆನ್‌ಸ್ಟಾರ್ ಸೇವೆಯ ಮೂಲಕ 2009ರ ಮಾಡೆಲ್‌ಗಳಿಂದಲೇ ಕೊಡುತ್ತಿದೆ. ಅದರಿಂದ ಕಳ್ಳರೂ ಸಿಕ್ಕಿದ್ದಾರೆ, ಒಳ್ಳೆಯದೇ. ಇನ್ನೊಂದು ಜಾಗದಲ್ಲಿ ಅಷ್ಟು ಒಳ್ಳೆಯದಲ್ಲ. ಕ್ರೆಡಿಟ್ ಸ್ಕೋರ್ ಕಡಿಮೆ ಇರುವವರಿಗೆ ಸಾಲ ಕೊಟ್ಟು ಕಾರು ಮಾರುವವರು ಸ್ಟಾರ್ಟರ್‌ಗೆ ಒಂದು ಸಣ್ಣ ಡಬ್ಬಿ ಜೋಡಿಸುತ್ತಾರೆ. ಕಂತು ತಪ್ಪಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ಕೆಲಸಕ್ಕೆ ಹೋಗಲು ಬಸ್ಸೂ ಇಲ್ಲದ ಊರುಗಳಲ್ಲಿ ಕಾರು ನಿಂತರೆ ಸಂಬಳವೂ ನಿಲ್ಲುತ್ತದೆ, ಸಂಬಳ ನಿಂತರೆ ಮುಂದಿನ ಕಂತು ಎಲ್ಲಿಂದ ಬರಬೇಕು?

2010ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇಂಥದೇ ಡಬ್ಬಿಗಳಿಂದ ಒಂದು ಅನಾಹುತ ಆಯಿತು. ಒಂದು ಕಾರು ಮಾರಾಟದ ಅಂಗಡಿಯಿಂದ ಕೆಲಸ ಕಳೆದುಕೊಂಡ ಯುವಕ, ಅಲ್ಲಿನ ಇನ್ನೊಬ್ಬ ಉದ್ಯೋಗಿಯ ಪಾಸ್‌ವರ್ಡ್ ಬಳಸಿ ವ್ಯವಸ್ಥೆಯೊಳಗೆ ನುಗ್ಗಿದ. ನೂರಕ್ಕೂ ಹೆಚ್ಚು ಗಿರಾಕಿಗಳ ಕಾರುಗಳು ಇದ್ದಕ್ಕಿದ್ದಂತೆ ಸ್ಟಾರ್ಟ್ ಆಗದೆ ನಿಂತವು. ಕೆಲವು ಕಾರುಗಳ ಹಾರ್ನ್ ನಡುರಾತ್ರಿ ಹೊಡೆದುಕೊಳ್ಳಲು ಶುರುವಾಗಿ, ಬ್ಯಾಟರಿ ಕಿತ್ತರೆ ಮಾತ್ರ ನಿಲ್ಲುತ್ತಿತ್ತು. ಅವರಲ್ಲಿ ಕಂತು ಸರಿಯಾಗಿ ಕಟ್ಟಿದವರೂ ಇದ್ದರು. ಒಂದು ಪಾಸ್‌ವರ್ಡ್ ಸಾಕಾಯಿತು. 2015ರಲ್ಲಿ ಇಬ್ಬರು ಸಂಶೋಧಕರು ಓಡುತ್ತಿದ್ದ ಜೀಪ್ ಒಂದನ್ನು ಮನೆಯಲ್ಲಿ ಕೂತು ಲ್ಯಾಪ್‌ಟಾಪ್‌ನಿಂದಲೇ ಹೆದ್ದಾರಿಯಲ್ಲಿ ಶಕ್ತಿ ಇಲ್ಲದಂತೆ ಮಾಡಿ ತೋರಿಸಿದರು. ಆಮೇಲೆ ಕಂಪನಿ 14 ಲಕ್ಷ ಗಾಡಿಗಳನ್ನು ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಹೊರಗಿನಿಂದ ನಿಲ್ಲಿಸುವ ದಾರಿ ಒಂದು ಸಲ ಇಟ್ಟರೆ ಅದು ಒಳ್ಳೆಯವರಿಗೆ ಮಾತ್ರ ಅಂತ ಇಡಲು ಆಗುವುದಿಲ್ಲ. ಕೀಲಿಯನ್ನು ಚಪ್ಪಲಿ ಗೂಡಿನಲ್ಲಿಟ್ಟು ಮನೆಗೆ ಬೀಗ ಹಾಕಿದ ಹಾಗೆ.

ನಿಗಾ ಇಡುವುದು? ಅದು ಇನ್ನೂ ಮುಂದೆ ಹೋಗಿದೆ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ವರದಿ ಮಾಡಿತು. ಸಿಯಾಟಲ್ ಕಡೆಯ ಒಬ್ಬರ ಇನ್ಶೂರೆನ್ಸ್ ಶೇಕಡಾ 21ರಷ್ಟು ಏರಿತ್ತು, ಅಪಘಾತ ಏನೂ ಮಾಡಿರಲಿಲ್ಲ. ಕಾರಣ ಹುಡುಕಿದರೆ, ಜನರ ಮಾಹಿತಿ ಕಲೆಹಾಕಿ ಇನ್ಶೂರೆನ್ಸ್ ಕಂಪನಿಗಳಿಗೆ ಮಾರುವ ಲೆಕ್ಸಿಸ್‌ನೆಕ್ಸಿಸ್ ಅನ್ನುವ ಕಂಪನಿಯಲ್ಲಿ ಅವರ ಹೆಸರಿನಲ್ಲಿ 258 ಪುಟದ ಕಡತ ಸಿಕ್ಕಿತು. ಎಷ್ಟು ಗಂಟೆಗೆ ಹೊರಟರು, ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದರು, ಎಷ್ಟು ಸಲ ವೇಗ ಜಾಸ್ತಿ ಆಯಿತು, ಎಲ್ಲ ಅದರಲ್ಲಿ ಇತ್ತು. ಕೊಟ್ಟದ್ದು ಅವರದೇ ಕಾರು ತಯಾರಿಸಿದ ಜಿಎಂ. ಆಮೇಲೆ ಗ್ರಾಹಕರ ಹಿತ ನೋಡುವ ಎಫ್‌ಟಿಸಿ ತನಿಖೆ ಮಾಡಿ, ಕೆಲವು ಸಲ ಮೂರು ಸೆಕೆಂಡಿಗೊಮ್ಮೆ ಕಾರು ಎಲ್ಲಿದೆ ಅಂತ ಕಂಪನಿ ದಾಖಲು ಮಾಡುತ್ತಿತ್ತು ಅಂತ ಹೇಳಿತು. ಇಂಥ ಮಾಹಿತಿ ಮಾರುವ ಏಜೆನ್ಸಿಗಳಿಗೆ, ಕಾರು ಎಲ್ಲಿದೆ, ಹೇಗೆ ಓಡಿಸಿದರು ಅನ್ನುವ ಮಾಹಿತಿಯನ್ನು ಐದು ವರ್ಷ ಕೊಡಬಾರದು ಅನ್ನುವ ಕ್ರಮವನ್ನು 2025ರ ಜನವರಿಯಲ್ಲಿ ಪ್ರಕಟಿಸಿತು. ಜಿಎಂ ಒಂದೇ ಅಂತಲೂ ಅಲ್ಲ. 2023ರಲ್ಲಿ ಮೊಝಿಲಾ ಫೌಂಡೇಶನ್ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿಯನ್ನು ಓದಿ ನೋಡಿತು. ಇಪ್ಪತ್ತೈದೂ ಫೇಲ್.

ಈಗ ಇದೇ ಕಾರಿನಲ್ಲಿ, ಕಾನೂನಿನ ಪ್ರಕಾರವೇ, ಮುಖ ನೋಡುವ ಕ್ಯಾಮೆರಾವೋ ಉಸಿರು ಅಳೆಯುವ ಸೆನ್ಸರೋ ಬರುತ್ತದೆ. ಅದರಲ್ಲಿ ನಿಮ್ಮ ಆರೋಗ್ಯದ ಸುಳಿವು ಇರುತ್ತದೆ. ಅದನ್ನು ಹೊರಗೆ ಕಳಿಸಬಾರದು ಅಂತ ಎಲ್ಲಿಯೂ ಬರೆದಿಲ್ಲ. ಬರೆಯದಿದ್ದರೆ ಕಳಿಸುತ್ತಾರೆ, ಅಲ್ವಾ?

ಬರೆಯುವುದು ಅಸಾಧ್ಯವೂ ಅಲ್ಲ. ಕಾರಿನಲ್ಲಿ ಅಪಘಾತದ ಕ್ಷಣ ದಾಖಲಿಸುವ ಬ್ಲ್ಯಾಕ್ ಬಾಕ್ಸ್ ಇರುತ್ತದೆ. ಅದರೊಳಗಿನ ಮಾಹಿತಿ ಕಾರಿನ ಮಾಲೀಕರದ್ದು ಅಂತ ಇದೇ ಅಮೆರಿಕದಲ್ಲಿ 2015ರಲ್ಲೇ ಕಾನೂನು ಆಗಿದೆ. ಕೆಲವು ಸಂದರ್ಭ ಬಿಟ್ಟರೆ ಕೋರ್ಟಿನ ಅನುಮತಿಯೋ ಮಾಲೀಕರ ಒಪ್ಪಿಗೆಯೋ ಇಲ್ಲದೆ ಅದನ್ನು ತೆಗೆಯುವ ಹಾಗಿಲ್ಲ. ಅದೇ ಸಾಲುಗಳನ್ನು ಇಲ್ಲಿಗೂ ಹಾಕಿ. ಪರೀಕ್ಷೆ ಕಾರಿನೊಳಗೇ ನಡೆಯಲಿ, ಫಲಿತಾಂಶ ಅಲ್ಲೇ ಅಳಿಸಿಹೋಗಲಿ. ಈ ವ್ಯವಸ್ಥೆಗೆ ಮೋಡೆಮ್‌ನ ಸಂಪರ್ಕವೇ ಇರಬಾರದು. ಓಡುತ್ತಿರುವ ಕಾರನ್ನು ಅದು ನಿಲ್ಲಿಸಬಾರದು, ಹೊರಡುವ ಮೊದಲು ಮಾತ್ರ ತಡೆಯಲಿ. ತಪ್ಪಾಗಿ ತಡೆದರೆ ಇನ್ನೊಮ್ಮೆ ಪರೀಕ್ಷೆಗೆ ಅವಕಾಶ ಇರಲಿ. ಇಷ್ಟಿದ್ದರೆ ಆ ಕಾರನ್ನು ನಾನು ಖುಷಿಯಿಂದ ಕೊಳ್ಳುತ್ತೇನೆ, ನನ್ನ ಮಗಳು ಲೈಸೆನ್ಸ್ ತಗೊಂಡಾಗ ಅವಳಿಗೂ ಅದನ್ನೇ ಕೊಡಿಸುತ್ತೇನೆ.

ಇದೆಲ್ಲ ಅಮೆರಿಕದ ವಿಷಯ, ನಮಗೇನು ಅಂತ ಬೆಂಗಳೂರಿನ ಗೆಳೆಯರು ಹೇಳುತ್ತಾರೆ. ಹಳದಿ ಬೋರ್ಡ್ ಗಾಡಿ ಇರುವವರನ್ನು ಕೇಳಿ ನೋಡಿ. ಎಐಎಸ್-140 ಅನ್ನುವ ಮಾನದಂಡದ ಪ್ರಕಾರ, 2019ರ ಜನವರಿಯಿಂದ ಪ್ರಯಾಣಿಕರನ್ನು ಸಾಗಿಸುವ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಜಿಪಿಎಸ್ ಸಾಧನ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ. ಕರ್ನಾಟಕದಲ್ಲಿ ಹಳೆಯ ಗಾಡಿಗಳಿಗೂ ಹಾಕಿಸಿ ಅಂದಾಗ, ಏಳೂವರೆ ಸಾವಿರದ ಮೇಲೆ ಖರ್ಚು ಅಂತ ಚಾಲಕರು ಗಲಾಟೆ ಮಾಡಿದರು. ನನಗೆ ಆ ಬಟನ್ ಬೇಕು. ರಾತ್ರಿ ಒಬ್ಬಳೇ ಟ್ಯಾಕ್ಸಿ ಹತ್ತುವ ಹೆಣ್ಣುಮಗಳಿಗೆ ಅದು ಬೇಕೇ ಬೇಕು. ಆದರೆ ಚರ್ಚೆ ಪೂರ್ತಿ ಬೆಲೆಯ ಸುತ್ತಲೇ ಆಯಿತು. ಆ ಚಾಲಕ ದಿನವಿಡೀ ಎಲ್ಲೆಲ್ಲಿ ಓಡಾಡಿದ ಅನ್ನುವ ದಾಖಲೆ ಯಾರ ಹತ್ತಿರ ಎಷ್ಟು ವರ್ಷ ಇರುತ್ತದೆ ಅಂತ ಜೋರಾಗಿ ಕೇಳಿದವರು ಕಡಿಮೆ. ಇನ್ನು ಇ-ರಿಕ್ಷಾಗಳಲ್ಲಂತೂ ಕಂತು ತಪ್ಪಿದರೆ ಬ್ಯಾಟರಿಯನ್ನು ದೂರದಿಂದಲೇ ಲಾಕ್ ಮಾಡುವ ಪದ್ಧತಿ ಭಾರತಕ್ಕೂ ಬಂದಿದೆ. ಆಸ್ಟಿನ್‌ನ ಡಬ್ಬಿಗೂ ಅದಕ್ಕೂ ಏನು ವ್ಯತ್ಯಾಸ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ತೀರ್ಪಿಗೆ ಕಾರಣವಾದ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. 2023ರ ಡೇಟಾ ರಕ್ಷಣಾ ಕಾಯ್ದೆ ಬಂದಾಗ, ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡಬಹುದು ಅನ್ನುವ ಅಂಶವೂ ಅದರಲ್ಲೇ ಸೇರಿತು. ಕಾರಿನೊಳಗಿನ ಕ್ಯಾಮೆರಾ ಅಲ್ಲಿ ಕಡ್ಡಾಯ ಆಗುವ ದಿನ ಬಂದರೆ ಈ ಅಂಶವನ್ನು ನೆನಪಿಟ್ಟುಕೊಳ್ಳಿ.

ಅಮೆರಿಕದಲ್ಲಿ ಇರುವವರು ಈಗಲೇ ಮಾಡಬಹುದಾದ್ದು ಇದೆ. ಲೆಕ್ಸಿಸ್‌ನೆಕ್ಸಿಸ್‌ನಿಂದ ನಿಮ್ಮ ಹೆಸರಿನ ಕಡತವನ್ನು ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿಕೊಳ್ಳಬಹುದು, ಅದು ನಿಮ್ಮ ಹಕ್ಕು. ಕಾರಿನ ಆ್ಯಪ್‌ನಲ್ಲಿ ಡ್ರೈವಿಂಗ್ ಸ್ಕೋರ್ ತರಹದ್ದು ಇದ್ದರೆ ಆಫ್ ಮಾಡಿ. ಹಳೆಯ ಕಾರು ಮಾರುವಾಗ ಆ್ಯಪ್‌ನಿಂದ ಅದನ್ನು ತೆಗೆಯಿರಿ, ಸೆಕೆಂಡ್ ಹ್ಯಾಂಡ್ ಕೊಂಡರೆ ಹಿಂದಿನವರು ತೆಗೆದಿದ್ದಾರಾ ಅಂತ ಡೀಲರ್‌ಗೆ ಕೇಳಿ ಖಚಿತ ಮಾಡಿಕೊಳ್ಳಿ. ನಿಟ್ಸಾ ಕರಡು ನಿಯಮ ಹೊರಡಿಸಿದಾಗ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು, ಸಿಟಿಜನ್ ಆಗಿರಬೇಕು ಅಂತೇನಿಲ್ಲ, ವೀಸಾದಲ್ಲಿ ಇರುವವರೂ ಬರೆಯಬಹುದು. ನಾನು ಮೇಲೆ ಹೇಳಿದ ಸಾಲುಗಳನ್ನೇ ಇಂಗ್ಲಿಷಿನಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಬೇಕಾದವರು ಕೇಳಿದರೆ ಕಳಿಸುತ್ತೇನೆ.