ಅಡಿಕೆ ಲೆಕ್ಕದ ಕ್ವೆರಿ ಯಾಕೆ ತೆವಳುತ್ತದೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ವ್ಯವಹಾರದ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಈ ದೂರು ಹೊಸದಲ್ಲ: ಸದಸ್ಯರು ಕೌಂಟರ್ ಎದುರು ನಿಂತಿದ್ದಾರೆ, ಖಾತೆ ವಿವರ ಮಾತ್ರ ಬರಲೊಲ್ಲದು. ತಕ್ಷಣ ಹೊಳೆಯುವುದು 'ಒಂದು ಇಂಡೆಕ್ಸ್ ಹಾಕಿಬಿಡೋಣ' ಎಂಬುದೇ. (ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯ ಪದಸೂಚಿಯಂತೆ, ಬೇಕಾದ ಸಾಲನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಪಟ್ಟಿ.) ಹಾಕುವ ಮುಂಚೆ ಪ್ಲಾನ್ ನೋಡಿ, ಅಂದರೆ ಕ್ವೆರಿಗೆ (ನಾವು ಕೇಳಿದ ಪ್ರಶ್ನೆಗೆ) ಡೇಟಾಬೇಸ್ ಯಾವ ದಾರಿಯಲ್ಲಿ ಉತ್ತರ ಹುಡುಕುತ್ತಿದೆ ಎಂದು. ಮುಂದಿನದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗೆ.

ನಿಜವಾಗಿ ಯಾವ ಕ್ವೆರಿ ಸಮಯ ನುಂಗುತ್ತಿದೆ ಎಂದು ತಿಳಿಯಲು ಪ್ರತಿ ಕ್ವೆರಿಯ ಸಮಯದ ಲೆಕ್ಕವಿಡುವ 'ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್' ಎಕ್ಸ್‌ಟೆನ್ಷನ್ ಬೇಕು. ಅದನ್ನು ಸೇರಿಸಿದ ಮೇಲೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಅದು ಕೊಡುವ ಪಟ್ಟಿಯನ್ನು ಒಟ್ಟು ಸಮಯದ ಮೇಲೆ ಜೋಡಿಸಿ. ತಿಂಗಳಿಗೊಮ್ಮೆ 8 ಸೆಕೆಂಡ್ ತಿನ್ನುವ ರಿಪೋರ್ಟ್ ಇರಲಿ ಬಿಡಿ. 40 ಮಿಲಿಸೆಕೆಂಡಿನ ಕ್ವೆರಿ ದಿನಕ್ಕೆ ಒಂದು ಲಕ್ಷ ಸಲ ಓಡಿದರೆ ಅದೇ ಒಂದು ತಾಸಿಗೂ ಮಿಕ್ಕಿದ ಕೆಲಸ.

ಕಳ್ಳ ಸಿಕ್ಕ ಮೇಲೆ ಆ ಕ್ವೆರಿಯ ಮುಂದೆ 'ಎಕ್ಸ್‌ಪ್ಲೇನ್ (ಅನಲೈಜ್, ಬಫರ್ಸ್)' ಹಚ್ಚಿ ಓಡಿಸಿ, ಪ್ಲಾನ್ ಕಾಣುತ್ತದೆ. ಇದು ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಅಪ್‌ಡೇಟ್, ಡಿಲೀಟ್ ಆದರೆ 'ಬಿಗಿನ್' ಮತ್ತು 'ರೋಲ್‌ಬ್ಯಾಕ್' (ಮಾಡಿದ್ದನ್ನು ರದ್ದುಮಾಡುವ ಆಜ್ಞೆ) ನಡುವೆ ಇಡದಿದ್ದರೆ ಡೇಟಾ ಹೋದಂತೆಯೇ. ಎರಡು ಸಲ ಓಡಿಸಿ ಎರಡನೆಯದನ್ನು ನಂಬಿ. ಕರೆಂಟ್ ಹೋಗಿ ಸರ್ವರ್ ಈಗಷ್ಟೇ ಎದ್ದಿದ್ದರೆ ಕ್ಯಾಶ್ (ಮೆಮೊರಿಯಲ್ಲಿ ಉಳಿಸಿಕೊಂಡ ಡೇಟಾ) ಖಾಲಿ, ಮೊದಲ ಓಟ ನಿಧಾನವಾಗುವುದು ಸಹಜ.

ಆವಕದ (ಸದಸ್ಯರು ತಂದ ಅಡಿಕೆಯ) ಟೇಬಲ್‌ನಲ್ಲಿ 40 ಲಕ್ಷ ಸಾಲುಗಳಿವೆ ಎಂದುಕೊಳ್ಳಿ. ಒಬ್ಬ ಸದಸ್ಯರ ಒಂದು ವರ್ಷದ ಚಾಲಿ ಲೆಕ್ಕ ಬೇಕು. ಪ್ಲಾನ್‌ನಲ್ಲಿ 'ಸೀಕ್ ಸ್ಕ್ಯಾನ್' ಕಂಡು, 'ರೋಸ್ ರಿಮೂವ್ಡ್ ಬೈ ಫಿಲ್ಟರ್' ಎದುರು ಹೆಚ್ಚುಕಡಿಮೆ ಅಷ್ಟೇ ಲಕ್ಷ ಇದ್ದರೆ, ಐವತ್ತು ಸಾಲಿಗಾಗಿ ಇಡೀ ಟೇಬಲ್ ಜಾಲಾಡಿದೆ ಎಂದರ್ಥ. ಅಡಿಕೆಯ ಜಾತಿಯ ಕಾಲಮ್ ಮೇಲೆ ಇಂಡೆಕ್ಸ್ ಹಾಕಿ ಉಪಯೋಗವಿಲ್ಲ: ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಇರುವುದೇ ನಾಲ್ಕಾರು ಹೆಸರು, ಚಾಲಿ ಎಂದರೆ ಲಕ್ಷಗಟ್ಟಲೆ ಸಾಲು. ಬೇಕಾದದ್ದು (ಸದಸ್ಯ ಸಂಖ್ಯೆ, ದಿನಾಂಕ) ಎಂಬ ಜೋಡಿ ಇಂಡೆಕ್ಸ್, ಅದೇ ಕ್ರಮದಲ್ಲಿ. ಸಮ ಎಂದು ಕೇಳುವ ಕಾಲಮ್ ಮುಂದೆ, ಇಂದ–ವರೆಗೆ ಎಂದು ಕೇಳುವುದು ಹಿಂದೆ. ತಿರುವುಮುರುವು ಮಾಡಿದರೆ ಆ ವರ್ಷ ಅಡಿಕೆ ತಂದ ಎಲ್ಲ ಸದಸ್ಯರ ನಮೂದುಗಳ ಮೇಲೂ ಹಾಯಬೇಕಾಗಬಹುದು. ಸರಿಯಾದ ಕ್ರಮದಲ್ಲಿ ದಿನಾಂಕದ ಸಾರ್ಟ್ ಕೂಡ ಪುಕ್ಕಟೆ ಸಿಗುತ್ತದೆ.

ಇಂಡೆಕ್ಸ್ ಇದ್ದೂ ಮುಟ್ಟದಿದ್ದರೆ ಕ್ವೆರಿಯ ಬರವಣಿಗೆ ನೋಡಿ. 'ಎಕ್ಸ್‌ಟ್ರಾಕ್ಟ್' ಹಾಕಿ ದಿನಾಂಕದಿಂದ ವರ್ಷ ಕಿತ್ತು ಹೋಲಿಸಿದರೆ ಇಂಡೆಕ್ಸಿನ ದಿನಾಂಕದ ಭಾಗ ಕೆಲಸಕ್ಕೆ ಬರುವುದಿಲ್ಲ. ಹೇಗೂ ನಮ್ಮ ಲೆಕ್ಕದ ವರ್ಷ ಏಪ್ರಿಲ್‌ನಿಂದ. '2024-04-01 ಅಥವಾ ನಂತರ, 2025-04-01ಕ್ಕಿಂತ ಮೊದಲು' ಎಂದೇ ಬರೆಯಿರಿ. ಇನ್ನೊಂದು ಕಣ್ಣಿಗೆ ಬೀಳದ ತಂಟೆ: ಸದಸ್ಯ ಸಂಖ್ಯೆ ಇಂಟಿಜರ್ (ಪೂರ್ಣಾಂಕ) ಆಗಿದ್ದು, ಪ್ರೋಗ್ರಾಮ್ ಅದನ್ನು ನ್ಯೂಮರಿಕ್ (ದಶಮಾಂಶ ಸಂಖ್ಯೆ) ಆಗಿ ಕಳಿಸಿದರೆ ಪೋಸ್ಟ್‌ಗ್ರೆಸ್ ಕಾಲಮನ್ನೇ ನ್ಯೂಮರಿಕ್‌ಗೆ ಪರಿವರ್ತಿಸಿ ಹೋಲಿಸುತ್ತದೆ. ಇಂಡೆಕ್ಸ್ ಪಕ್ಕಕ್ಕೆ ಸರಿಯುತ್ತದೆ. ಕೈಯಿಂದ ಟೈಪ್ ಮಾಡಿದಾಗ ವೇಗ, ಆ್ಯಪ್‌ನಿಂದ ನಿಧಾನ ಎಂದರೆ ಮೊದಲು ಇದನ್ನೇ ಅನುಮಾನಿಸಿ.

ಪ್ಲಾನ್‌ನಲ್ಲಿ ಅಂದಾಜು ಸಾಲು 1, ನಿಜ ಸಾಲು 30,000 ಎಂದಿದ್ದರೆ ಕಾಯಿಲೆ ಅಂಕಿಅಂಶದ್ದು, ಅಂದರೆ ಟೇಬಲ್ ಬಗ್ಗೆ ಪೋಸ್ಟ್‌ಗ್ರೆಸ್ ಇಟ್ಟುಕೊಂಡ ಲೆಕ್ಕ ತಪ್ಪಿದೆ. ಒಂದೇ ಸಾಲು ಎಂಬ ನಂಬಿಕೆಯಲ್ಲಿ ಪ್ಲಾನರ್ 'ನೆಸ್ಟೆಡ್ ಲೂಪ್' (ಹೊರಗಿನ ಪ್ರತಿ ಸಾಲಿಗೂ ಒಳಗೆ ಒಮ್ಮೆ ಹುಡುಕುವ ವಿಧಾನ) ಆರಿಸಿ, ಒಳಗಿನ ಕೆಲಸವನ್ನು 30,000 ಸಲ ಮಾಡಿಸುತ್ತದೆ. (ಅಲ್ಲಿ ಕಾಣುವ ಸಮಯ ಒಂದು ಸುತ್ತಿನದು, ಲೂಪ್ಸ್ ಸಂಖ್ಯೆಯಿಂದ ಗುಣಿಸಿ.) ಡೀಫಾಲ್ಟ್ ಪ್ರಕಾರ ಟೇಬಲ್‌ನ ಸುಮಾರು ಶೇ. 10 ಸಾಲು ಬದಲಾಗುವ ತನಕ ತಾನಾಗಿ ಅನಲೈಜ್ (ಅಂಕಿಅಂಶವನ್ನು ಹೊಸದಾಗಿ ಸಂಗ್ರಹಿಸುವುದು) ಆಗುವುದಿಲ್ಲ. 40 ಲಕ್ಷದಲ್ಲಿ ಅದು 4 ಲಕ್ಷ. ಸುಗ್ಗಿಯ ಆವಕ ತುಂಬಿದ ಕೂಡಲೇ ನೀವೇ 'ಅನಲೈಜ್' ಓಡಿಸಿ, ಆ ಟೇಬಲ್‌ಗೆ ಮಾತ್ರ ಈ ಶೇ. 10ರ ಮಿತಿಯನ್ನು ನಿರ್ಧರಿಸುವ 'ಆಟೋವ್ಯಾಕ್ಯೂಮ್_ಅನಲೈಜ್_ಸ್ಕೇಲ್_ಫ್ಯಾಕ್ಟರ್' 0.01ಕ್ಕೆ ಇಳಿಸಿ.

'ಎಕ್ಸ್‌ಟರ್ನಲ್ ಮರ್ಜ್ ಡಿಸ್ಕ್' ಎಂದು ಕಂಡರೆ ಸಾರ್ಟ್ ಮೆಮೊರಿಯಲ್ಲಿ ಹಿಡಿಸಿಲ್ಲ. ಅದಕ್ಕೆ ಸಿಗುವ ಮೆಮೊರಿಯ ಮಿತಿ 'ವರ್ಕ್_ಮೆಮ್', ಡೀಫಾಲ್ಟ್ 4 ಎಂಬಿ. ಆ ರಿಪೋರ್ಟಿನ ಸೆಷನ್‌ಗಷ್ಟೇ 64 ಎಂಬಿ ಕೊಟ್ಟು ನೋಡಿ. ಇಡೀ ಸರ್ವರ್‌ಗೆ ಏರಿಸಬೇಡಿ, ಅದು ಪ್ರತಿ ಸಾರ್ಟ್‌ಗೂ ಬೇರೆಬೇರೆ ಲೆಕ್ಕ.

ಹೊಸ ಇಂಡೆಕ್ಸನ್ನು ಕೆಲಸದ ಹೊತ್ತಿನಲ್ಲಿ ಹಾಕುವುದಾದರೆ 'ಕನ್ಕರೆಂಟ್ಲಿ' ಸೇರಿಸಿ, ಇಲ್ಲದಿದ್ದರೆ ಅದು ಮುಗಿಯುವ ತನಕ ಆವಕದ ನಮೂದು ನಿಂತುಬಿಡುತ್ತದೆ. ಟ್ರಾನ್ಸಾಕ್ಷನ್ ಒಳಗೆ ಇದು ನಡೆಯದು. ಮಳೆಗಾಲದಲ್ಲಿ ಯುಪಿಎಸ್ ಕೈಕೊಟ್ಟು ಅರ್ಧಕ್ಕೆ ನಿಂತರೆ 'ಇನ್‌ವ್ಯಾಲಿಡ್' ಇಂಡೆಕ್ಸ್ ಉಳಿದುಕೊಳ್ಳುತ್ತದೆ: ಓದುವಾಗ ಉಪಯೋಗಕ್ಕಿಲ್ಲ, ಬರೆಯುವಾಗ ಮಾತ್ರ ಭಾರ. ಡ್ರಾಪ್ ಮಾಡಿ ಮತ್ತೆ ಹಾಕಬೇಕು.