ಕವಿತೆ ಮೊದಲೋ, ಚಿತ್ರ ಮೊದಲೋ?

"ಅಂವ ನಿನ್ನ ಕವಿತಾಕ್ಕ ಚಿತ್ರ ತಗೀತಾನೋ, ನೀನ ಅವನ ಚಿತ್ರಕ್ಕ ಕವಿತಾ ಬರೀತಿಯೋ?" ಕೊಪ್ಪಳದಲ್ಲಿ ನಾನೂ ನನ್ನ ಚಿತ್ರಕಾರ ಗೆಳೆಯನೂ ಜೊತೆಗೆ ಕಂಡರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. ಎರಡೂ ಅಲ್ಲ ಅಂದರೆ, ಮತ್ತೆ ಇಬ್ಬರೂ ಕೂತು ಏನು ಮಾಡ್ತೀರಿ ಎಂಬಂತೆ ನೋಡುತ್ತಾರೆ.

ಜಗಳ ಮಾಡ್ತೀವಿ.

ಗೆಳೆಯ ಮರದ ಬೊಂಬೆಗಳಿಗೆ ಹೆಸರಾದ ನಮ್ಮ ಕೊಪ್ಪಳ ಸೀಮೆಯ ಕಿನ್ನಾಳದವನು, ಚಿತ್ರಗಾರರ ಮನೆತನ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಬರೆದವರು ಕಿನ್ನಾಳದ ಹಿರಿಯರೇ ಎಂಬ ಮಾತಿದೆ. ಇವನೀಗ ಕ್ಯಾನ್ವಾಸಿಗೆ ಬಂದಿದ್ದಾನೆ, ಆದರೆ ಕೈಗೆ ಹತ್ತಿದ ಶಿಸ್ತು ಊರಿನದೇ. ಅಲ್ಲಿ ಬೊಂಬೆಗೆ ಬಣ್ಣ ಬರುವುದು ಕಟ್ಟಕಡೆಗೆ. ಹಗುರ ಮರ ಕೆತ್ತಿ ಬಿಡಿಭಾಗ ಕೂಡಿಸಬೇಕು. ಗೋಣಿ ಚಿಂದಿಯ ಪುಡಿ, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟವನ್ನು ಮೈತುಂಬ ಬಳಿಯಬೇಕು. ಅದರ ಮೇಲೆ ಹತ್ತಿಯ ಚೂರು, ಮತ್ತೆ ಕಲ್ಲುಪುಡಿಯ ಲೇಪ. ನನ್ನ ಹೊಸ ಕವಿತೆ ಓದಿ ಅವನು ಹೇಳುವುದು ಸಾಮಾನ್ಯವಾಗಿ ಒಂದೇ: "ಕಿಟ್ಟ ಇನ್ನಾ ಒಣಗಿಲ್ಲಲೇ, ಆಗಲೇ ಬಣ್ಣ ಹಚ್ಚೀದಿ." ಉಪಮೆ ಹೊಡೆದುಹಾಕು ಅಂತ ಅರ್ಥ. ಯಾವ ವಿಮರ್ಶಕನಿಂದಲೂ ನನಗೆ ಇಷ್ಟು ಉಪಯೋಗವಾಗಿಲ್ಲ.

ಅವನ ಇನ್ನೊಂದು ಕಾಟ, ಬೆಳಕು ಎಲ್ಲಿಂದ ಬೀಳ್ತದ ಎಂಬುದು. ಸಂಜೆ ಅಂದರೆ ಸಾಲದು. ಗಂಗಾವತಿ ಕಡೆಯ ಭತ್ತದ ಗದ್ದೆಯ ಸಂಜೆಯೋ, ಯಲಬುರ್ಗಾದ ಎರೆಹೊಲದ ಸಂಜೆಯೋ? ನೀರು ನಿಂತ ಗದ್ದೆ ಬೆಳಕನ್ನು ತಿರುಗಿಸಿ ಕೊಡುತ್ತದೆ, ಎರೆ ನುಂಗಿಬಿಡುತ್ತದೆ. ಸೇಡಿಗೆ ನಾನು ಅವನ ಚಿತ್ರದ ಮುಂದೆ ನಿಂತು, "ಇದರಾಗ ಮೊದಲ ಬಾಯಿ ತೆರೆಯಾವ್ರು ಯಾರು?" ಅನ್ನುತ್ತೇನೆ. ಉತ್ತರ ಹೊಳೆಯದೆ ಒಬ್ಬಿಬ್ಬರನ್ನು ಅವನು ಅಳಿಸಿದ್ದೂ ಉಂಟು.

ಕರಾರು ಇಷ್ಟೇ: ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹೇಳಬಾರದು. ಪುರವಣಿಗಳಲ್ಲಿ ನೋಡಿ, ಕವಿತೆಯಲ್ಲಿ ನವಿಲಿದ್ದರೆ ಪಕ್ಕದಲ್ಲೂ ನವಿಲು. ಹಾಡಿದ್ದೇ ಹಾಡೋ ಕಿಸಬಾಯಿದಾಸ! 1913ರಲ್ಲಿ ಪ್ಯಾರಿಸ್ಸಿನಲ್ಲಿ ಕವಿ ಬ್ಲೇಸ್ ಸಾಂದ್ರಾರ್ ಮತ್ತು ಕಲಾವಿದೆ ಸೋನಿಯಾ ಡೆಲೋನೆ ಕೂಡಿ ಒಂದು ಕವಿತೆಯನ್ನು ಸುಮಾರು 2 ಮೀಟರ್ ಉದ್ದದ ಮಡಿಕೆ ಹಾಳೆಯಾಗಿ ತಂದರು. ಕವಿತೆಯ ತುಂಬ ಸೈಬೀರಿಯಾದ ರೈಲು. ಆಕೆ ಬರೆದದ್ದು ಬಹುಪಾಲು ಬರೀ ಬಣ್ಣದ ಸುರುಳಿಗಳು, ಕೆಳತುದಿಗೆ ಪುಟ್ಟದೊಂದು ಐಫೆಲ್ ಗೋಪುರ. 150 ಪ್ರತಿ ಒಂದರ ತುದಿಗೊಂದು ಜೋಡಿಸಿದರೆ ನಿಜವಾದ ಗೋಪುರದಷ್ಟು ಎತ್ತರವಾಗಬೇಕೆಂಬ ಹುಚ್ಚು ಲೆಕ್ಕ ಬೇರೆ. ನನಗೆ ಇಷ್ಟವಾಗುವುದು ಆ ಲೆಕ್ಕವಲ್ಲ, ರೈಲು ಬರೆಯದೆ ಬಿಟ್ಟ ಆಕೆಯ ಧೈರ್ಯ.

ಸದ್ಯ ಗವಿಸಿದ್ಧೇಶ್ವರ ಜಾತ್ರೆಯ ಮೇಲೆ ಕೆಲಸ ನಡೆದಿದೆ. ನಾನು ಹಳ್ಳಿಗಳಿಂದ ದಾಸೋಹಕ್ಕೆ ಬರುವ ಜೋಳದ ರೊಟ್ಟಿಯನ್ನು ಹಿಡಿದು ಕೂತಿದ್ದೇನೆ. ಅವನು ಗುಡ್ಡದ ಬಂಡೆ ಮೇಲೆ ಕೂತ ಜನರ ಬೆನ್ನುಗಳನ್ನಷ್ಟೇ ಬರೆದಿದ್ದಾನೆ. ತೇರು ಇಬ್ಬರಲ್ಲೂ ಇಲ್ಲ. ಯಾರಾದರೊಬ್ಬರು ತರಲೇಬೇಕು ಅಂತ ನಾನು, ಬೇಡವೇ ಬೇಡ ಅಂತ ಅವನು.